ಎಲ್ಲಕ್ಕಿಂತ ಮೇಲಿನ ಕಾರ್ಡ್

"ಆ ಕಾರ್ಡ್ ಮ್ಯಾಲೆ ಇಡಬ್ಯಾಡ!" ಅಂದಳು ನೇತ್ರಾ.

"ಯಾಕೆ? ಅದೇ ಕಣೇ ಮೇನ್ ಕಾರಣ," ಅಂದಳು ಪಕ್ಕದಲ್ಲಿದ್ದ ಪ್ರತೀಕ್ಷಾ.

ಇಂಗ್ಲಿಷರ ನಾಡಿನ ಕಿಂಗ್ಸ್‌ಬರಿಯ ಶಾಲೆಯಲ್ಲಿ ಇಬ್ಬರೂ ಇಯರ್ ಸಿಕ್ಸ್, ಒಂದೇ ಕ್ಲಾಸು. ಇಂಗ್ಲಿಷಿನಲ್ಲೇ ಮಾತಾಡುವವರು ಜಗಳಕ್ಕೆ ಮಾತ್ರ ಕನ್ನಡಕ್ಕೆ ಬರುತ್ತಿದ್ದರು. ಬೇರೆಯವರಿಗೆ ತಿಳಿಯಬಾರದಲ್ಲ! ನೇತ್ರಾಳದು ಧಾರವಾಡದ ಕನ್ನಡ, ಪ್ರತೀಕ್ಷಾಳದು ಬೆಂಗಳೂರಿನದು.

ಮೇಜಿನ ಮೇಲೆ ಒಂಬತ್ತು ಕಾರ್ಡುಗಳಿದ್ದವು. ನೂರಾ ಅರವತ್ತು ವರ್ಷಗಳ ಹಿಂದೆ ಅಮೆರಿಕದ ಉತ್ತರದವರೂ ದಕ್ಷಿಣದವರೂ ತಮ್ಮತಮ್ಮಲ್ಲೇ ಯುದ್ಧ ಮಾಡಿದ್ದು ಯಾಕೆ? ಒಂದೊಂದು ಕಾರ್ಡಿನಲ್ಲೂ ಒಂದೊಂದು ಕಾರಣ. ಅವುಗಳನ್ನು ಡೈಮಂಡ್ ಆಕಾರದಲ್ಲಿ ಜೋಡಿಸಬೇಕು. ಎಲ್ಲಕ್ಕಿಂತ ದೊಡ್ಡ ಕಾರಣ ತುದಿಗೆ, ಸಣ್ಣದು ಬುಡಕ್ಕೆ. ಚೆನ್ನಾಗಿ ಜೋಡಿಸಿದ ಜೋಡಿಯಲ್ಲಿ ಒಬ್ಬರು ಶುಕ್ರವಾರದ ಅಸೆಂಬ್ಲಿಯಲ್ಲಿ ಅಪ್ಪ ಅಮ್ಮಂದಿರ ಎದುರು ಮಾತಾಡಬೇಕು.

ಆ ಒಬ್ಬರು ತಾನೇ ಆಗಬೇಕು ಅಂತ ನೇತ್ರಾಳಿಗೆ ಆಸೆ. ಆದರೆ ಪ್ರತೀಕ್ಷಾ ಈ ಶಾಲೆಗೆ ಸೇರಿದಾಗಿನಿಂದ ಎಲ್ಲದಕ್ಕೂ ಅವಳೇ. ಸುಗ್ಗಿಯ ಹಾರ್ವೆಸ್ಟ್ ಅಸೆಂಬ್ಲಿಗೂ ಅವಳು, ಮೇಯರ್ ಬಂದಾಗಲೂ ಅವಳು. ಮನೆಯಲ್ಲಿ ಅವ್ವ ಕೂಡ "ಪ್ರತೀಕ್ಷಾನ ನೋಡಿ ಕಲಿ" ಅನ್ನುತ್ತಿದ್ದಳು. ನೇತ್ರಾ ಎಲ್ಲರೆದುರು ಎದ್ದು ನಿಂತರೆ ಮಾತು ತೊದಲುತ್ತಿತ್ತು.

ಪ್ರತೀಕ್ಷಾ ತುದಿಗಿಟ್ಟ ಕಾರ್ಡಿನಲ್ಲಿ 'ಗುಲಾಮಗಿರಿ' ಅಂತಿತ್ತು. ಅದು ಸರಿ ಅಂತ ನೇತ್ರಾಳಿಗೂ ಅನಿಸಿತ್ತು. ಪ್ರತೀಕ್ಷಾ ಮೊದಲು ಇಟ್ಟಳಲ್ಲ, ಅದೇ ಉರಿ. ನೇತ್ರಾ ಅದನ್ನು ಕಿತ್ತು ಬುಡಕ್ಕೆ ಹಾಕಿದಳು. ತುದಿಗೆ 'ರಾಜ್ಯಗಳ ಹಕ್ಕು' ಇಟ್ಟಳು.

"ಏನು ಮಾಡೋ ಹಕ್ಕು?" ಪ್ರತೀಕ್ಷಾ ಕೇಳಿದಳು. "ಮನುಷ್ಯರನ್ನ ಕೊಂಡ್ಕೊಂಡು ದುಡಿಸೋ ಹಕ್ಕು ತಾನೆ?"

"ಹಂಗಾದ್ರ ಇದು. ಹತ್ತಿ ವ್ಯಾಪಾರ."

"ಹತ್ತಿ ಬಿಡಿಸ್ತಿದ್ದೋರು ಯಾರು?"

"ಇದು? ಹೊಸ ರಾಜ್ಯಗಳ ಜಗಳ."

"ಅಲ್ಲಿ ಗುಲಾಮರನ್ನ ಇಟ್ಕೋಬಹುದಾ, ಬಾರದಾ ಅಂತಾನೇ ಜಗಳ!"

ಯಾವ ಕಾರ್ಡ್ ಇಟ್ಟರೂ ಅದರ ಹಿಂದೆ ಅದೇ ಕಾರಣ. ನೇತ್ರಾ 'ಗುಲಾಮಗಿರಿ'ಯನ್ನು ಎತ್ತಿ ಪಟ್ಟಂತ ತುದಿಗಿಟ್ಟಳು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನೀ ನನ್ನ ಜೆಲ್ ಪೆನ್ ತಗೊಂಡಿ!"

"ಸೋಮವಾರಾನೇ ವಾಪಸ್ ಕೊಟ್ಟೆನಲ್ಲ?"

"ಲಂಚ್ ಕ್ಯೂನಾಗ ನನ್ನ ಮುಂದ ನುಗ್ಗಿದಿ!"

"ನೀನೇ ಬಾ ಅಂತ ಕರೆದೆ!"

"ನೀ... ನೀ ಭಾಳ ಜೋರ್ ನಗತಿ!"

"ನಗೋದೂ ತಪ್ಪಾ? ನಿಜ ಹೇಳು, ಏನು ನಿನ್ ಪ್ರಾಬ್ಲಂ?"

ನೇತ್ರಾ ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಮಿಸ್ ಹಾರ್ಟ್ಲಿ ಬಂದರು. ಅವರಿಗೆ ಕನ್ನಡದ ಒಂದಕ್ಷರ ಬಾರದು.

"ವಾವ್, ಎಂಥ ಡಿಸ್ಕಷನ್! ಯುದ್ಧದ ಬಗ್ಗೆ ಇಷ್ಟು ಪ್ಯಾಶನ್ ಯಾರಲ್ಲೂ ನೋಡಿಲ್ಲ," ಅಂದರು. "ನೇತ್ರಾ, ಆ ಕಾರ್ಡ್ ಯಾಕೆ ತುದಿಯಲ್ಲಿ?"

ಸಿಟ್ಟಿನ ಭರದಲ್ಲಿ ನೇತ್ರಾಳಿಗೆ ತೊದಲುವುದೇ ಮರೆತುಹೋಗಿತ್ತು. ಏನು ಮಾಡೋ ಹಕ್ಕು, ಹತ್ತಿ ಬಿಡಿಸಿದವರು ಯಾರು, ಹೊಸ ರಾಜ್ಯಗಳಲ್ಲಿ ಜಗಳ ಯಾತಕ್ಕೆ, ಎಲ್ಲವನ್ನೂ ಗಡಗಡ ಹೇಳಿಬಿಟ್ಟಳು.

"ಬ್ರಿಲಿಯಂಟ್ ಪ್ರಶ್ನೆಗಳು! ಶುಕ್ರವಾರ ನೀನೇ ಮಾತಾಡು."

ಬೇಕಾಗಿದ್ದು ಸಿಕ್ಕಿತು. ಪ್ರತೀಕ್ಷಾ ತನ್ನ ಶೂ ನೋಡುತ್ತಿದ್ದಳು. ನೇತ್ರಾ ಸುಮ್ಮನಿದ್ದರೆ ಸಾಕಿತ್ತು. ಆದರೆ ಈ ಅವಕಾಶ ತನ್ನದೇ ಅನ್ನಲು ಒಂದು ಕಾರಣ ಬೇಕಿತ್ತು ಅವಳಿಗೆ. ಪೆನ್ನು? ಕ್ಯೂ? ನಗು? ಒಂದೂ ನಿಲ್ಲಲಿಲ್ಲ.

"ಮಿಸ್, ಆ ಪ್ರಶ್ನೆಗಳು ಪ್ರತೀಕ್ಷಾಳವು. ನಾನು ಆ ಕಾರ್ಡನ್ನ ಬುಡಕ್ಕೆ ಹಾಕಿದ್ದೆ."

"ಓ! ಹಾಗಾದರೆ ಪ್ರತೀಕ್ಷಾ ಮಾತಾಡಲಿ. ನಿಜ ಹೇಳಿದ್ದಕ್ಕೆ ಥ್ಯಾಂಕ್ ಯೂ, ನೇತ್ರಾ."

ಮತ್ತೆ ಅವಳೇ! ನೇತ್ರಾ ಕಾರ್ಡುಗಳನ್ನು ಬಾಚಿ ಒಟ್ಟುಮಾಡಿದಳು.

ಪ್ಲೇಟೈಮ್‌ನಲ್ಲಿ ಪ್ರತೀಕ್ಷಾ ಓಡಿಬಂದಳು. "ಏಯ್, ನೀನೇ ಮಾತಾಡಬಹುದಿತ್ತಲ್ಲ? ನಿನಗೆ ನನ್ ಮೇಲೆ ಕೋಪ ಅಂದ್ಕೊಂಡಿದ್ದೆ."

"ಐತಿ."

"ಯಾಕೆ? ಈಗಾದರೂ ಹೇಳೇ."

ನೇತ್ರಾ ಬೇಲಿಯ ಆಚೆ ಹೋಗುತ್ತಿದ್ದ ಬಸ್ಸನ್ನು ನೋಡಿದಳು. ಕಿವಿ ಬಿಸಿಯಾಯಿತು.

"ನೀ ಭಾಳ ಛಲೋ ಮಾತಾಡ್ತಿ. ಅದಕ್ಕ."

ಪ್ರತೀಕ್ಷಾ ಅವಳ ಪಕ್ಕದಲ್ಲೇ ಬೇಲಿಗೊರಗಿ ನಿಂತಳು. ನೇತ್ರಾಳಿಗೆ ಇನ್ನೊಂದು ಕಾರಣ ಹುಡುಕುವ ಕೆಲಸ ಉಳಿದಿರಲಿಲ್ಲ.