ಮರೆಗುಡಾರದಲ್ಲಿ ಕೈಕುರ್ಚಿ

"ನನ್ನ ಗಂಡ ಬಾಯಿಬಡುಕ, ಒಪ್ಕೋತೀನಿ. ಆದ್ರೆ ಕೊಲೆಗಾರ ಅಲ್ಲ ವರ್ನಕ್ಕಾ!"

ಮಾರ್ಲಾ ಬಿಯೆಲ್ ಕೋಟನ್ನೂ ಬಿಚ್ಚದೆ ವರ್ನಾಳ ಅಡುಗೆಮನೆಯ ಬಾಗಿಲಲ್ಲೇ ನಿಂತು ಅತ್ತಳು. ಕಾಫಿ ಇಳಿಸುತ್ತಿದ್ದ ಓರಿನ್‌ಗೆ ಅವಳ ಮುಖ ನೋಡಲಾಗಲಿಲ್ಲ. ಹೆಂಡತಿ ತೀರಿಹೋದ ಮೇಲೆ ಅವನು ವರ್ನಾ ಆಸ್ಟ್‌ಬಿಯ ಗಾಡಿ ಓಡಿಸುತ್ತ, ಅವಳಿಂದ ಬೈಸಿಕೊಳ್ಳುತ್ತ ಕಾಲ ಹಾಕುತ್ತಿದ್ದ. ವರ್ನಾ ವಿಸ್ಕಾನ್ಸಿನ್‌ನ ಆ ಕಾಡುಸೀಮೆಯಲ್ಲಿ ಬೇಟೆಕಾವಲು ಅಧಿಕಾರಿಯಾಗಿ ನಿವೃತ್ತಳಾದವಳು. ಕಾಡಿನಲ್ಲಿ ಏನೇ ಎಡವಟ್ಟಾದರೂ ಜನ ಶೆರಿಫನಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು.

ವಿಷಯ ಊರಿಗೆಲ್ಲ ಗೊತ್ತಿತ್ತು. ಹಾಲ್ವರ್ಸನ್ ಮನೆಯ ಹಿರಿಮಗ ರಾಯ್ಸ್, ಜಿಂಕೆಗೆ ಹೊಂಚು ಹಾಕುವ ಮರೆಗುಡಾರದೊಳಗೆ ಎದೆಗೆ ಬಾಣ ನಾಟಿ ಸತ್ತಿದ್ದ. ಹುಡುಕಿಕೊಂಡು ಹೋದ ತಮ್ಮ ಗಸ್ ಹೆಣ ಕಂಡಿದ್ದ. ಬಾಣ ಮಾತ್ರ ಸಿಕ್ಕಿರಲಿಲ್ಲ. ತಂದೆ ಎಮಿಲ್‌ಗೆ ಭುಜವೂ ಕಣ್ಣೂ ಕೈಕೊಟ್ಟ ಮೇಲೆ ಆ ಮನೆಯಲ್ಲಿ ಬೇಟೆಗೆ ಹೋಗುತ್ತಿದ್ದವರು ಮಕ್ಕಳಿಬ್ಬರೇ. ಪಕ್ಕದ ಜಮೀನಿನ ಕ್ಲಾಡ್ ಬಿಯೆಲ್ ಬೇಲಿ ಜಗಳದಲ್ಲಿ "ನಿನ್ನೆದೆಗೇ ಬಿಡ್ತೀನಿ ನೋಡ್ತಿರು" ಎಂದು ರಾಯ್ಸ್‌ಗೆ ಎಲ್ಲರೆದುರು ಕೂಗಾಡಿದ್ದ. ಶೆರಿಫನಿಗೆ ಅಷ್ಟು ಸಾಕಾಗಿತ್ತು. ಮಾರನೆಯ ದಿನ ಕ್ಲಾಡ್ ಮೇಲೆ ಕೊಲೆ ಆರೋಪ ಬೀಳುವುದಿತ್ತು.

"ಬೂಟು ಹಾಕ್ಕೊಳೋ ಮುದುಕ," ಎಂದಳು ವರ್ನಾ.

ಗುಡಾರ ಓಕ್ ಮರಗಳ ಅಂಚಿನಲ್ಲಿತ್ತು. ಒಳಗೆಲ್ಲ ಕಪ್ಪು ಬಟ್ಟೆ. ಮುಂದಿನ ಕಿಟಕಿ ಮಾತ್ರ ತೆರೆದಿತ್ತು. ನಡುವೆ ಎರಡೂ ಕಡೆ ಕೈಗಳಿದ್ದ ಕುರ್ಚಿ. ವರ್ನಾ ಅದರಲ್ಲಿ ಕೂತು, ಬಿಲ್ಲು ಎಳೆಯುವಂತೆ ಕೈಯನ್ನು ಹಿಂದೆ ತಂದಳು. ಮೊಣಕೈ ಕುರ್ಚಿಯ ಬೆನ್ನಿಗೂ, ಬಿಲ್ಲಿನಂತೆ ಹಿಡಿದ ಕೋಲು ಕುರ್ಚಿಯ ಕೈಗೂ ಬಡಿಯಿತು.

"ಓರಿನ್, ಸತ್ತವನ ಮೈಮೇಲೆ ಏನಿತ್ತು?"

"ಎಲೆ ಚಿತ್ತಾರದ ಕೋಟು. ಬೇಟೆಗೆ ಇನ್ನೇನು ಹಾಕ್ಕೋತಾರೆ, ಮದುವೆ ಸೂಟಾ?"

ವರ್ನಾ ಕುರ್ಚಿಯಿಂದೆದ್ದಳು. ಅಲ್ಲಿಂದ ನೇರ ಶವಪರೀಕ್ಷೆಯ ಡಾಕ್ಟರ ಬಳಿಗೆ ಹೋದರು. ರಾಯ್ಸ್‌ನ ಮಂಡಿಗೂ ಅಂಗೈಗೂ ಮಣ್ಣು, ಎಲೆಪುಡಿ ಮೆತ್ತಿತ್ತು. "ತಕ್ಷಣ ಸತ್ತಿಲ್ಲ, ತೆವಳಿದ್ದಾನೆ. ಬೇಗ ಯಾರಾದ್ರೂ ನೋಡಿದ್ರೆ ಬದುಕ್ತಿದ್ದ," ಎಂದರು ಡಾಕ್ಟರು. ವಾಪಸಾಗುವಾಗ ವರ್ನಾ ಶೆರಿಫನಿಗೆ ಫೋನ್ ಮಾಡಿದಳು.

ಸಂಜೆ ಎಲ್ಲರೂ ಹಾಲ್ವರ್ಸನ್ ಅಡುಗೆಮನೆಯಲ್ಲಿ ಸೇರಿದರು. ನೆರೆಯವರು ತಂದಿಟ್ಟ ಊಟ ಮುಟ್ಟದೆ ಆರಿಹೋಗಿತ್ತು. ಶೆರಿಫ್ ಗೋಡೆಗೆ ಒರಗಿದ್ದ. ಮಾರ್ಲಾ ಕರವಸ್ತ್ರ ಹಿಂಡುತ್ತಿದ್ದಳು. ದಪ್ಪ ಕನ್ನಡಕದ ಎಮಿಲ್ ಪಕ್ಕ ಗಸ್ ತಲೆ ತಗ್ಗಿಸಿ ಕೂತಿದ್ದ.

"ಮರೆಗುಡಾರದ ಒಳಗೆ ಕಪ್ಪು," ವರ್ನಾ ಶುರುಮಾಡಿದಳು. "ಅಲ್ಲಿ ಕೂರೋನೂ ಕಪ್ಪೇ ಹಾಕ್ಬೇಕು, ಇಲ್ದಿದ್ರೆ ಜಿಂಕೆಗೆ ಎದ್ದು ಕಾಣ್ತಾನೆ. ರಾಯ್ಸ್‌ಗೆ ಇದು ಗೊತ್ತಿಲ್ವಾ? ಎಲೆ ಕೋಟು ಹಾಕಿದ್ದ ಅಂದ್ರೆ ಅವನು ಹೊರಗಿದ್ದ. ಬಾಣ ತಾಗಿದ್ದೂ ಹೊರಗೆ, ತೆವಳಿದ್ದೂ ಹೊರಗೆ. ಆಮೇಲೆ ಯಾರೋ ಒಳಗೆ ತಂದು ಕೂರಿಸಿದ್ದಾರೆ."

"ಹಾಗಾದ್ರೆ ಒಳಗೆ ಆ ಕುರ್ಚೀಲಿ ಕೂತಿದ್ದೋನು ಯಾರು?" ಶೆರಿಫ್ ಕೇಳಿದ.

"ಕೈಕುರ್ಚೀಲಿ ಕೂತು ಬಿಲ್ಲು ಎಳೆಯೋಕಾಗಲ್ಲ. ಬಂದೂಕಿನ ಹಾಗೆ ಒತ್ತಿ ಬಿಡೋ ಅಡ್ಡಬಿಲ್ಲಿಗೆ ಮಾತ್ರ ಅದು ಸರಿ. ಎದ್ದೇಳೋಕೆ ಆಸರೆ ಬೇಕಾದೋರು, ಭುಜ ಎತ್ತೋಕಾಗದೋರು..." ವರ್ನಾ ಎಮಿಲ್‌ನಿಂದ ಕಣ್ಣು ತೆಗೆದು ಗಸ್‌ನತ್ತ ತಿರುಗಿದಳು. "ಗಸ್, ನೀನೇ ಹೇಳಪ್ಪ."

ಗಸ್ ಮುಖ ಮುಚ್ಚಿಕೊಂಡು ಬಿಕ್ಕಿದ. "ಒಂದೇ ಒಂದು ಸಲ ಕರ್ಕೊಂಡು ಹೋಗೋ ಅಂತ ಅಪ್ಪ ಗೋಗರೆದ. ಗುಡಾರದಲ್ಲಿ ಕೂರಿಸಿ ಬಂದೆ. ರಾಯ್ಸ್ ಅಪ್ಪನಿಗೆ ಬಿಸಿ ಕಾಫಿ ತಗೊಂಡು ಪೊದೆಯೊಳಗೆ ಬಗ್ಗಿ ಬಂದಿದ್ದಾನೆ, ಜಿಂಕೆ ಬೆದರಬಾರ್ದು ಅಂತ ಕೂಗೂ ಹಾಕಿಲ್ಲ. ನಾನು ವಾಪಸ್ ಕರ್ಕೊಂಡು ಬರೋಕೆ ಹೋದಾಗ ಅಪ್ಪ ಜಿಂಕೆಗೆ ಹೊಡೆದೆ ಅಂದ. ಅಪ್ಪನ್ನ ಗಾಡೀಲಿ ಕೂರಿಸಿ ಹುಡುಕಿದೆ, ಸಿಕ್ಕಿದ್ದು ರಾಯ್ಸ್..." ಉಸಿರೆಳೆದುಕೊಂಡು ಮುಂದುವರಿಸಿದ. "ಅಪ್ಪನಿಗೆ ತಿಳೀಬಾರ್ದು ಅಂತ ಆಮೇಲೆ ಹೆಣ ತಂದು ಗುಡಾರದ ಕುರ್ಚೀಲಿ ಕೂರಿಸಿದೆ. ಬಾಣ ನಾನೇ ಹೊಳೆಗೆ ಎಸೆದೆ. ಯಾರದೋ ಗುರಿ ತಪ್ಪಿದ ಬಾಣ ಅಂತ ಮುಗಿಯುತ್ತೆ ಅಂದ್ಕೊಂಡೆ. ಕ್ಲಾಡ್‌ನ ಹಿಡಿದಾಗ್ಲೂ ಬಾಯಿ ಬರ್ಲಿಲ್ಲ. ಕ್ಷಮಿಸು ಮಾರ್ಲಾ."

ಮಾರ್ಲಾ ಕರವಸ್ತ್ರದಿಂದ ಮುಖ ಒರೆಸಿಕೊಂಡಳು. ಗಂಡ ಉಳಿದನೆಂಬ ಸಂತೋಷಕ್ಕೆ ಆ ಮನೆಯಲ್ಲಿ ಜಾಗವಿರಲಿಲ್ಲ.

ಎಮಿಲ್ ಮಗನ ತೋಳು ಹಿಡಿದ. "ಗುರಿ ತಪ್ತು, ರಕ್ತಾನೇ ಬಿದ್ದಿಲ್ಲ ಅಂದೆಯಲ್ಲೋ. ನಾವು ಮನೆಗೆ ಬಂದ ಮೇಲೆ ರಾಯ್ಸ್ ಹೋಗಿ ಅಲ್ಲಿ ಕೂತಿದ್ದ, ಆಗ ಯಾರೋ ಹೊಡೆದ್ರು ಅಂದೆ. ನಾನು ಹೋಗಿದ್ದು ತಿಳಿದ್ರೆ ಬಿಲ್ಲು ಕಿತ್ಕೋತಾರೆ, ಸುಮ್ನಿರು ಅಂದೆ. ಒಂದು ಪ್ರಾಣಿ ನರಳದೆ ಉಳೀತಲ್ಲಾ ಅಂತ ನಾನು ದೇವರಿಗೆ ಕೈಮುಗಿದೆ ಕಣೋ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಎಲೆ ಸರಸರ ಅಂದಿದ್ದು ಕೇಳಿಸ್ತು. ಬಾಣ ತಾಗಿದ ಜಿಂಕೆ ಹಿಂದೆ ತಕ್ಷಣ ಹೋಗ್ಬಾರ್ದು, ಹೋದ್ರೆ ಬೆದರಿ ಓಡುತ್ತೆ. ಕಾಯಿರಿ ಅಂತ ಮಕ್ಕಳಿಗೆ ಕಲಿಸಿದ್ದೇ ನಾನು. ಅಲ್ಲೇ ಕಾಯ್ತಾ ಕೂತೆ." ಮುದುಕ ವರ್ನಾಳತ್ತ ತಿರುಗಿದ. "ಆಗ್ಲೇ ಎದ್ದು ಹೋಗಿದ್ರೆ ಬದುಕ್ತಿದ್ನಾ?"

ಓರಿನ್ ಕಾಲ ಬಳಿಯ ನೆಲ ನೋಡಿದ.

"ಇಲ್ಲ ಎಮಿಲ್," ಎಂದಳು ವರ್ನಾ. "ಬಿದ್ದಾಗಲೇ ಜೀವ ಹೋಗಿತ್ತು."

"ಈಗಷ್ಟೇ ತೆವಳಿದ ಅಂದೆಯಲ್ಲಮ್ಮ," ಎಮಿಲ್ ಮೆಲ್ಲಗೆ ಹೇಳಿದ. ಸಿಟ್ಟಿರಲಿಲ್ಲ, ಅವಳ ಕೈಯನ್ನು ಒಮ್ಮೆ ತಟ್ಟಿದ. ಮೇಜು ಹಿಡಿದುಕೊಂಡು ಎದ್ದು ಕೋಟಿಗಾಗಿ ತಡಕಾಡಿದ.

"ಕತ್ತಲಾಗ್ತಿದೆ ಅಪ್ಪ, ಬೆಳಿಗ್ಗೆ ಹೋಗೋಣ," ಎಂದ ಗಸ್.

"ಇಲ್ಲ. ಅವನೆಲ್ಲಿ ಬಿದ್ದಿದ್ದ ಅಂತ ಈಗ್ಲೇ ತೋರಿಸು," ಎಂದ ಎಮಿಲ್. "ಇನ್ನು ನಾನು ಕಾಯಲ್ಲ."