ಬುರ್ಗಿ ಕೂರಿಸಿದ ಬೋಲ್ಟ್

"ಕನಿಕರಪಟ್ಟು ಕಟ್ಕೊಳ್ಳೋಕೆ ನಾನೇನು ಬೀದಿ ಬೆಕ್ಕಾ?"

ಬುರ್ಗಿ ಹೀಗೆ ಸಿಡಿದದ್ದು ಬೆಳಿಗ್ಗೆ ಎಂಟೂವರೆಗೆ. ಲೆಂಜ್ ಬೆಪ್ಪಾಗಿ ನಿಂತ. ಅವನ ಕೈಯಲ್ಲಿ ಅಕ್ರೋಟ್ ಮರದ ಬಂದೂಕಿನ ಹಿಡಿಯಿತ್ತು, ಬೆರಳ ತುಂಬ ಮಸಿ. ಉಕ್ಕಿಗೆ ಮಸಿ ಹಚ್ಚಿ ಮರದೊಳಗಿಟ್ಟು ತೆಗೆಯುವುದು, ಮಸಿ ತಗುಲಿದ ಕಡೆ ಮಾತ್ರ ಎಳೆಯಷ್ಟು ಕೆರೆಯುವುದು, ಮತ್ತೆ ಇಟ್ಟು ನೋಡುವುದು. ಒಂದು ಹಿಡಿಗೆ ಮೂರು ವಾರ. ಅಷ್ಟು ತಾಳ್ಮೆಯ ಮನುಷ್ಯ ಮದುವೆಯ ಮಾತನ್ನು ಮಾತ್ರ ಕೊಡಲಿಯಲ್ಲಿ ಕಡಿದ ಹಾಗೆ ಆಡಿಬಿಟ್ಟಿದ್ದ.

"ನೀನು ಹೆದರ್ತೀಯ, ನಾನು ಜೊತೆಗಿರ್ತೀನಿ. ಮದ್ವೆ ಆಗೋಣ ಬಿಡು," ಅಂದಿದ್ದ. ಅಷ್ಟೇ. ಇಂಥ ಮಾತಿಗೆ ಯಾವ ಹೆಣ್ಣು ನಾಚಿ ತಲೆ ತಗ್ಗಿಸುತ್ತಾಳೆ?

"ಬುರ್ಗಿ, ನಾನು ಹೇಳಿದ್ದು ಹಾಗಲ್ಲ..."

"ಗೊತ್ತು ಬಿಡು. ಹೆದರುಪುಕ್ಕಲಿಗೆ ಒಬ್ಬ ಕಾವಲುಗಾರ ಬೇಕು, ಅದಕ್ಕೆ ತಾನೇ?"

ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ನಿಂತಿತು. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಅವಳ ಕಿವಿ ಬಿಸಿಯಾಗುತ್ತಿತ್ತು. ಇವತ್ತು ಅವಳು ಬೆನ್ನು ತಿರುಗಿಸಿ, ಮೇಜಿನ ಮೇಲಿದ್ದ ಎರಡು ಬೋಲ್ಟುಗಳನ್ನು, ತೋಟಾದ ಗೂಡನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ಚಿಲಕಗಳನ್ನು, ಎತ್ತಿಕೊಂಡು ಎಣ್ಣೆ ಬಟ್ಟೆಯಲ್ಲಿ ಉಜ್ಜತೊಡಗಿದಳು. ಉಜ್ಜಿ ಉಜ್ಜಿ ಪಕ್ಕದಲ್ಲಿದ್ದ ಜೋಡಿ ರೈಫಲುಗಳಿಗೂ ಒಂದೊಂದನ್ನು ತಳ್ಳಿದಳು. ಲೆಂಜ್ ಒಂದು ರೈಫಲನ್ನು ಚೀಲಕ್ಕೆ ಹಾಕಿಕೊಂಡು, ಗುಂಡಿನ ಪರೀಕ್ಷೆಗೆಂದು ಕಣಿವೆಯ ಗುರಿ ಬಯಲಿನ ಕಡೆ ಬೈಕಿನಲ್ಲಿ ಹೊರಟುಹೋದ.

ಫೆರ್ಲಾಖ್ ಎಂಬ ಆ ಬೆಟ್ಟದೂರಿನಲ್ಲಿ ಬಂದೂಕು ಕಟ್ಟುವ ಮನೆಗಳಿಗೆ ಒಂದೊಂದು ಕಟ್ಟಳೆ. ಮುದುಕ ಪ್ರಿಮುಸ್‌ನ ಕಾರ್ಖಾನೆಯ ಕಟ್ಟಳೆ ಇದು: ಬೋಲ್ಟ್ ಕೂರಿಸಿದವರೇ ಆ ರೈಫಲಿನಿಂದ ಮೊದಲ ಗುಂಡು ಹಾರಿಸಬೇಕು. ನಿನ್ನ ಕೆಲಸಕ್ಕೆ, ಹಿಡಿಗೆ ಒತ್ತುವ ನಿನ್ನ ಕೆನ್ನೆಯೇ ಸಾಕ್ಷಿ. ಆಮೇಲಷ್ಟೇ ಉಕ್ಕಿಗೆ ನಂಬರಿನ ಮುದ್ರೆ.

ಆ ಕಟ್ಟಳೆಯಂತೆಯೇ ಬುರ್ಗಿಯ ಅಪ್ಪ ಹದಿನಾಲ್ಕು ವರ್ಷದ ಹಿಂದೆ ತಾನು ಕೂರಿಸಿದ ಬೋಲ್ಟಿಗೆ ಕೆನ್ನೆ ಕೊಟ್ಟು ಬಲಗಣ್ಣು ಕಳೆದುಕೊಂಡ. ಪಕ್ಕದಲ್ಲೇ ನಿಂತಿದ್ದ ಹತ್ತೊಂಬತ್ತರ ಬುರ್ಗಿ ಅದನ್ನು ಕಣ್ಣಾರೆ ಕಂಡಳು. ಈಗ ಅವಳಷ್ಟು ನಾಜೂಕಾಗಿ ಬೋಲ್ಟ್ ಕೂರಿಸುವವರು ಊರಲ್ಲಿ ಇನ್ನೊಬ್ಬರಿಲ್ಲ. ಆದರೆ ಹಿಡಿಗೆ ಕೆನ್ನೆ ತಾಗಿದರೆ ಸಾಕು, ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬರುತ್ತದೆ.

ಎರಡು ವರ್ಷದ ಹಿಂದೆ, ಅವಳು ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ, ವ್ಯಾನಿನ ಹಿಂದೆ ಬಗ್ಗಿ ವಾಂತಿ ಮಾಡುವುದನ್ನು ಲೆಂಜ್ ನೋಡಿದ್ದ. ನೀರು ಕೊಟ್ಟ. "ಕೊಡಿಲ್ಲಿ. ಮುದುಕನಿಗೆ ಹೇಳ್ಬೇಡ," ಎಂದು ರೈಫಲ್ ತೆಗೆದುಕೊಂಡು ತಾನೇ ಹಾರಿಸಿದ. ಅಂದಿನಿಂದ ಹತ್ತೊಂಬತ್ತು ರೈಫಲುಗಳು. ಹತ್ತೊಂಬತ್ತು ಸಲ ಅವಳ ಪಾಲಿನ ಅಪಾಯಕ್ಕೆ ಅವನು ಕೆನ್ನೆ ಕೊಟ್ಟಿದ್ದ. ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು. ಇವತ್ತು ಬೆಳಿಗ್ಗೆ ಅದು ಕನಿಕರ ಎಂದು ಕೇಳಿಸಿತು. ನೋವಾಗಿದ್ದು ಅದಕ್ಕೆ.

ಮುನಿಸು ಆರಲು ಅವಳು ಕೆಲಸ ಹಿಡಿದಳು. ಮೇಜಿನ ಮೇಲೆ ಉಳಿದಿದ್ದ ರೈಫಲಿಗೆ ತೋಟಾದಷ್ಟೇ ಗಾತ್ರದ ಉಕ್ಕಿನ ಅಳತೆ ತುಂಡು ಹಾಕಿ ಬೋಲ್ಟ್ ಮುಚ್ಚಹೋದಳು.

ಮುಚ್ಚಲಿಲ್ಲ.

ಇನ್ನೊಮ್ಮೆ ಒತ್ತಿದಳು. ಹಿಡಿಕೆ ಅರ್ಧಕ್ಕೆ ಬಂದು ನಿಂತಿತು. ನಿನ್ನೆ ಸಂಜೆ ಅಳತೆಗೆ ಸರಿಯಾಗಿ ಕೂತಿತ್ತಲ್ಲ!

ಬುರ್ಗಿ ಬೋಲ್ಟನ್ನು ಹೊರಗೆಳೆದು ಬೆಳಕಿಗೆ ಹಿಡಿದಳು.

ಟಿರೋಲ್ ಸೀಮೆಯ ಅಣ್ಣತಮ್ಮಂದಿರಿಬ್ಬರು ಮಾಡಿಸಿದ ಜೋಡಿ ರೈಫಲುಗಳವು. ಒಂದೇ ಮರ, ಒಂದೇ ಅಳತೆ. ಆದರೆ ಒಂದರ ನಳಿಗೆಯೊಳಗೆ ಗೀರು ಬಿದ್ದಿದ್ದರಿಂದ ತೋಟಾ ಕೂರುವ ಗೂಡನ್ನು ಅವಳು ಕೂದಲೆಳೆಯಷ್ಟು ಆಳಕ್ಕೆ ಮತ್ತೆ ಕೊರೆದಿದ್ದಳು. ಅದಕ್ಕೆ ತಕ್ಕ ಬೋಲ್ಟ್ ಬೇರೆಯೇ ಮಾಡಿದ್ದಳು. ಆ ಬೋಲ್ಟ್ ಇಲ್ಲಿದೆ. ಹಾಗಾದರೆ ಆಳದ ಗೂಡಿನ ರೈಫಲ್ ಲೆಂಜ್‌ನ ಹತ್ತಿರ ಹೋಗಿದೆ, ಇನ್ನೊಂದರ ಬೋಲ್ಟ್ ಹಾಕಿಕೊಂಡು. ಅದು ಅಲ್ಲಿ ತಡೆಯಿಲ್ಲದೆ ಮುಚ್ಚುತ್ತದೆ. ತೋಟಾದ ಬೆನ್ನಿಗೂ ಬೋಲ್ಟಿನ ಮುಖಕ್ಕೂ ನಡುವೆ ಸಂದು ಉಳಿಯುತ್ತದೆ. ಗುಂಡು ಹಾರಿದಾಗ ತೋಟಾದ ಹಿತ್ತಾಳೆ ಹರಿದು ಬೆಂಕಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಕಣ್ಣು.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ?

ಫೋನ್ ಮಾಡಿದಳು. ಲೆಂಜ್‌ನ ಮೊಬೈಲು ಅವನ ಮೇಜಿನ ಮೇಲೇ, ಮರದ ಪುಡಿಯ ನಡುವೆ ಗುಂಯ್‌ಗುಟ್ಟಿತು.

"ಏನಾಯ್ತೇ ಮಗಳೇ, ಮುಖ ಸುಣ್ಣ ಆಗಿದೆ?" ಒಳಗಿನಿಂದ ಬಂದ ಪ್ರಿಮುಸ್ ಕೇಳಿದ.

"ಮಾಸ್ಟರ್, ವ್ಯಾನಿನ ಕೀ ಕೊಡಿ! ಬೋಲ್ಟ್ ಅದಲು ಬದಲು ಮಾಡಿಬಿಟ್ಟೆ. ಲೆಂಜ್ ಹಾರಿಸೋಕೆ ಹೋಗಿದ್ದಾನೆ!"

ಹಾರಿಸಬೇಕಾದವಳು ನೀನಲ್ಲವೇ ಎಂದು ಮುದುಕ ಕೇಳಲಿಲ್ಲ. ಕೀ ಎಸೆದ. "ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ ಇಷ್ಟು ದಿನ? ಓಡು!"

ಬೋಲ್ಟನ್ನೂ ಅಳತೆ ತುಂಡನ್ನೂ ಏಪ್ರನ್ನಿನ ಜೇಬಿಗಿಳಿಸಿ ಓಡಿದಳು.

ಕಣಿವೆಯ ದಾರಿ ಹತ್ತು ನಿಮಿಷದ್ದು. ತಿರುವಿನಲ್ಲಿ ಹಾಲಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಅದನ್ನು ಓಡಿಸುತ್ತಿದ್ದ ಮುದುಕ ಆರಾಮಾಗಿ ಕೈಬೀಸಿದ. ಬುರ್ಗಿ ಹಾರ್ನ್ ಮೇಲೆ ಬಿದ್ದಳು. ಬೆಳಿಗ್ಗೆ ತಾನಾಡಿದ ಮಾತೇ ಅವನು ಕೇಳಿದ ಕೊನೆಯ ಮಾತಾದರೆ? ಬೀದಿ ಬೆಕ್ಕು! ಅಯ್ಯೋ, ಈ ನಾಲಿಗೆಗೆ ಬೆಂಕಿ ಬೀಳ.

ಸೇತುವೆ ದಾಟುವಾಗ ಬೆಟ್ಟದೊಳಗಿಂದ ಒಂದು ಗುಂಡಿನ ಸದ್ದು ಬಂತು.

ವ್ಯಾನ್ ನಿಂತುಹೋಯಿತು. ಬುರ್ಗಿ ಕಿಟಕಿ ಇಳಿಸಿ ಕಿವಿಗೊಟ್ಟಳು. ಲೆಂಜ್ ಯಾವಾಗಲೂ ಮೂರು ಹಾರಿಸುತ್ತಾನೆ. ಎರಡನೆಯದು ಕೇಳಿಸಿದರೆ ಅವನಿಗೆ ಏನೂ ಆಗಿಲ್ಲ ಎಂದರ್ಥ. ದೇವರೇ, ಇನ್ನೊಂದು. ಇನ್ನೊಂದೇ ಒಂದು.

ತೊರೆಯ ನೀರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂದೆ ಹೇಗೆ ಓಡಿಸಿದಳೋ ಅವಳಿಗೇ ನೆನಪಿಲ್ಲ. ವ್ಯಾನಿನ ಬಾಗಿಲು ತೆರೆದೇ ಬಿಟ್ಟು ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿದಳು. ಗುರಿ ಬಯಲಿನ ಈ ತುದಿಯಲ್ಲಿ ಅರಣ್ಯದ ಗಾರ್ಡ್ ಒಬ್ಬ ತನ್ನ ಹಳೆಯ ಬಂದೂಕನ್ನು ಚೀಲಕ್ಕೆ ತುಂಬುತ್ತಿದ್ದ. "ಒಂದೇ ಗುಂಡು, ನೇರ ಗುರಿಯ ನಡುವಿಗೆ!" ಎಂದು ಅವಳಿಗೆ ಹೇಳಿ ಹಿಗ್ಗಿದ.

ಆ ತುದಿಯ ಬೆಂಚಿನ ಮೇಲೆ ಲೆಂಜ್ ಕೂತಿದ್ದ. ಎರಡೂ ಕಣ್ಣು ಇದ್ದವು. ಮುಂದೆ ಬಟ್ಟೆಯ ಮೇಲೆ ರೈಫಲ್ ಒಂದು ಕಡೆ, ಬೋಲ್ಟ್ ಒಂದು ಕಡೆ.

ಬುರ್ಗಿಗೆ ಹೋದ ಜೀವ ಬಂತು. ಬಂದದ್ದೇ ಅವನ ಎದೆಗೆ ಎರಡೂ ಮುಷ್ಟಿಯಲ್ಲಿ ಗುದ್ದಿದಳು.

"ಯಾಕೋ ಹಾರಿಸ್ಲಿಲ್ಲ? ಹಾರಿಸಿದ್ರೆ ಏನಾಗ್ತಿತ್ತು ಗೊತ್ತಾ ನಿಂಗೆ?"

"ಹಾರಿಸದೇ ಇದ್ದಿದ್ದಕ್ಕೆ ಹೊಡೀತಿದ್ದೀಯಲ್ಲ, ಇದ್ಯಾವ ನ್ಯಾಯ ಮಾರಾಯ್ತಿ?"

"ತಪ್ಪು ನಂದು, ಲೆಂಜ್. ಕೋಪದಲ್ಲಿ ಬೋಲ್ಟ್ ಬದಲಾಯಿಸಿಟ್ಟೆ. ನಿನ್ನ ಕೊಂದೇಬಿಡ್ತಿದ್ದೆ." ಇಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆದುಹೋಯಿತು.

ಅವನು ಅವಳ ಮುಷ್ಟಿಗಳನ್ನು ಬಿಡಿಸಿ ತನ್ನ ಅಂಗೈಯಲ್ಲಿಟ್ಟುಕೊಂಡ.

"ನೀನು ಕೂರಿಸಿದ ಬೋಲ್ಟ್ ಕೊನೇಲಿ ಒಂಚೂರು ತಡೆಯುತ್ತೆ ಬುರ್ಗಿ. ಯೋಚನೆ ಮಾಡಿ ಒಪ್ಪೋ ಹಾಗೆ. ಹತ್ತೊಂಬತ್ತಕ್ಕೂ ಹಾಗೇ ಇತ್ತು. ಇವತ್ತು ಇದು ತಳ್ಳಿದ ತಕ್ಷಣ ಸರಕ್ಕಂತ ಮುಚ್ಕೊಳ್ತು. ಇದು ಬುರ್ಗಿ ಕೈ ಅಲ್ಲ ಅಂದ್ಕೊಂಡೆ. ಅವಳು ಇಷ್ಟು ಸುಲಭಕ್ಕೆ ಒಪ್ಪೋಳೇ ಅಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ತನ್ನ ಕೈಯ ಗುಣವನ್ನು ಇಷ್ಟು ಬಲ್ಲವನಿಗೆ ತನ್ನ ಮೇಲಿರುವುದು ಬರೀ ಕನಿಕರ ಹೇಗಾದೀತು?

"ನಂಗೂ ಪ್ರತಿ ಸಲ ಭಯ ಆಗುತ್ತೆ," ಎಂದ ಅವನು ಮೆಲ್ಲಗೆ. "ಆದ್ರೂ ನಿನ್ನ ಬದಲು ನಾನು ಕೂರ್ತೀನಿ. ಬೆಳಿಗ್ಗೆ ಹೇಳ್ಬೇಕಾಗಿದ್ದು ಇದು. ಬಾಯಿಗೆ ಬರ್ಲಿಲ್ಲ."

ಬುರ್ಗಿ ಕಣ್ಣೊರೆಸಿಕೊಂಡಳು. ಜೇಬಿನಿಂದ ಬೋಲ್ಟ್ ತೆಗೆದು ರೈಫಲಿಗೆ ಇಳಿಸಿದಳು. ಅಳತೆ ನೋಡಿದಳು, ಎರಡು ಸಲ. ಆಮೇಲೆ ಒಂದು ತೋಟಾ ಹಾಕಿ ಬೆಂಚಿನ ಮೇಲೆ ತಾನೇ ಕೂತಳು.

"ಏಯ್, ಏನ್ ಮಾಡ್ತಿದ್ದೀಯ?"

"ಹಿಂದೆ ಹೋಗು. ಐದು ಹೆಜ್ಜೆ."

"ಬುರ್ಗಿ, ಬೇಡ..."

"ಇಪ್ಪತ್ತನೇದು ನಂದು ಲೆಂಜ್. ಹೋಗು ಅಂದೆನಲ್ಲ."

ಐದು ಹೆಜ್ಜೆ ಅಂದರೆ ಅವನು ಹೋದದ್ದು ಎರಡೇ. ಬೇರೆಯವರು ಹಾರಿಸುವ ಗುಂಡಿಗೆ ಹೀಗೆ ಹಿಂದೆ ನಿಂತು ಕಾಯುವುದು ಎಷ್ಟು ಕಷ್ಟವೆಂದು ಅವನಿಗೆ ಇವತ್ತು ತಿಳಿಯಲಿ ಎಂದುಕೊಂಡಳು. ಮರಕ್ಕೆ ಕೆನ್ನೆ ಇಟ್ಟಳು. ಅಪ್ಪನ ಕಿರುಚು ಕಿವಿಯಲ್ಲಿ ಕೇಳಿತು. ಬೋಲ್ಟ್ ಕೊನೆಯಲ್ಲಿ ಒಂಚೂರು ತಡೆದು ಕೂತಿತು. ಉಸಿರು ಬಿಗಿಹಿಡಿದು ಬಂದೂಕಿನ ಕುದುರೆ ಎಳೆದಳು.

ಭುಜಕ್ಕೆ ಗುದ್ದು ಬಿತ್ತು. ಬೆಟ್ಟಗಳು ಸದ್ದನ್ನು ಒಂದರಿಂದೊಂದು ಈಸಿಕೊಂಡವು. ಖಾಲಿ ತೋಟಾ ಹೊರಬಿತ್ತು, ಎಲ್ಲೂ ಬಿರುಕಿಲ್ಲ.

ಲೆಂಜ್ ಓಡಿಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕಣ್ಣು, ಇನ್ನೊಂದು ಕಣ್ಣು ನೋಡಿದ.

"ಭಯ ಹೋಯ್ತಾ?" ಎಂದು ಕೇಳಿದ.

"ಇಲ್ಲ. ಹೋಗಲ್ಲ ಅನ್ಸುತ್ತೆ." ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇಷ್ಟು ದಿನ ನನ್ನ ಭಯ ಒಂದೇ ಇತ್ತು. ಇನ್ಮೇಲೆ ನಿಂದೂ ಸೇರಿಸಿ ಹೆದರ್ತೀನಿ, ಆಯಸ್ಸು ಪೂರ್ತಿ. ಅಂಥೋಳ್ನ ಕಟ್ಕೋತೀಯಾ? ಯೋಚನೆ ಮಾಡಿ ಹೇಳು."

ಅವನು ಯೋಚನೆ ಮಾಡಲಿಲ್ಲ.