ಎಳೆಗುಂಬಳ

"ಏನ್ರೀ, ಬೀಜ ಬಿತ್ತುತ್ತಿದ್ದೀರೋ, ಹೂಳ್ತಿದ್ದೀರೋ?"

ತಲೆಯೆತ್ತಿದೆ. ಮೇಲ್ಮನೆಯ ಬಾಲ್ಕನಿಯಲ್ಲಿ ಮಂಕಿ ಟೋಪಿ ಹಾಕಿಕೊಂಡ ಒಬ್ಬರು ಟೀ ಲೋಟ ಹಿಡಿದು ನಗುತ್ತಿದ್ದರು. ಗಟ್ಟಿ ಮಣ್ಣಿಗೆ ನಾನು ಕನ್ನಡದಲ್ಲಿ ಬೈಯುತ್ತಿದ್ದುದು ಕೇಳಿಸಿತ್ತಂತೆ.

ದೆಹಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಂತೋಷವಾಗಬೇಕು. ನನಗೆ ಮೈ ಉರಿಯಿತು.

"ನಿಮ್ಮ ಬಾಲ್ಕನಿ ನೀವು ನೋಡ್ಕೊಳ್ಳಿ."

"ಜನವರಿ ಚಳಿಗೆ ಕುಂಬಳದ ಬೀಜ ಹುಟ್ಟಲ್ಲ, ಕೊಳೆಯುತ್ತೆ. ಅದಕ್ಕೆ ಹೇಳಿದೆ."

"ಪಿರಿಯಾಪಟ್ಟಣದ ಹಳ್ಳಿಯವಳು ನಾನು. ನಮ್ಮಲ್ಲಿ ನೀರಿದ್ದರೆ ಯಾವಾಗ ಹಾಕಿದ್ರೂ ಹುಟ್ಟುತ್ತೆ."

"ಇದು ಪಿರಿಯಾಪಟ್ಟಣ ಅಲ್ವಲ್ಲ," ಎಂದು ಅವರು ಒಳಗೆ ಹೋದರು.

ಬೀಜ ಕೊಳೆತೇಹೋಯಿತು. ಕೆದಕಿ ನೋಡಿದಾಗ ಲೋಳೆ. ಮೂರನೆಯ ಮಹಡಿಯಿಂದ ಕೆಳಮನೆಗೆ ಬಂದ ಮೊದಲ ವರ್ಷ ಅದು. ಗಂಡ ತೀರಿಹೋದ ಮೇಲೆ ಅವರ ಇಲಾಖೆಯಲ್ಲೇ ಸಿಕ್ಕ ನೌಕರಿ, ಒಬ್ಬಳೇ ಇರುವ ಮನೆ, ಹಿಂದೆ ಮಂಚದಷ್ಟು ಅಂಗಳ. ಆ ಅಂಗಳದಲ್ಲಿ ಏನಾದರೂ ಬೆಳೆಯಲೇಬೇಕು ಎಂಬ ಹಟ ನನಗೆ.

ಫೆಬ್ರವರಿ ಕೊನೆಯ ಭಾನುವಾರ ಅವರೇ ಇಳಿದು ಬಂದರು. ಹೆಸರು ಮಾಚಯ್ಯ. ಕೊಡಗಿನವರು, ಸೈನ್ಯದಿಂದ ನಿವೃತ್ತರು, ಹೆಂಡತಿ ಇಲ್ಲ. ಮಗಳು ಜೀವಿತಾಗೆ ಇಲ್ಲಿ ಸರ್ಕಾರಿ ಕೆಲಸ. ಮೂರು ವರ್ಷದ ಮೊಮ್ಮಗಳು ಅನನ್ಯಾಳನ್ನು ಇವರೇ ನೋಡಿಕೊಳ್ಳುತ್ತಿದ್ದರು. ಕೈಯ ಬಟ್ಟಲಿನಲ್ಲಿ ರಾತ್ರಿಯಿಡೀ ನೆನೆದ ಬೀಜಗಳಿದ್ದವು.

"ಅಂಗೈ ಇಟ್ಟು ನೋಡಿ, ಶಾರದಮ್ಮ. ಮಣ್ಣು ಬೆಚ್ಚಗಿದೆಯಾ? ಇದೇ ಕಾಲ. ಹೋಳಿಯೊಳಗೆ ಬಿತ್ತಿಬಿಡಬೇಕು. ತಡವಾದ್ರೆ ಎಳೆ ಬಳ್ಳಿಯನ್ನ ಬಿಸಿಗಾಳಿ ಸುಟ್ಟುಹಾಕುತ್ತೆ."

ಅವರು ಮಣ್ಣಿನ ಮೇಲೆ ಅಂಗೈ ಇಟ್ಟರು. ಪಕ್ಕದಲ್ಲಿ ನಾನೂ ಇಟ್ಟೆ. ಎರಡು ಕೈಗಳ ನಡುವೆ ಒಂದು ಬೆರಳು ಹಿಡಿಯುವಷ್ಟು ಜಾಗವಿತ್ತು. ಮಣ್ಣಿನ ಬಿಸಿ ತಿಳಿಯಲು ಅಷ್ಟು ಹೊತ್ತು ಬೇಕಿರಲಿಲ್ಲ. ಆದರೂ ಇಬ್ಬರೂ ಕೈ ತೆಗೆಯಲಿಲ್ಲ.

ಗುಂಡಿ ತೋಡಿ, ಹಳೆಯ ಸಗಣಿ ಗೊಬ್ಬರ ಬೆರೆಸಿ, ನೀರು ನಿಲ್ಲದ ಹಾಗೆ ಮಣ್ಣನ್ನು ದಿಬ್ಬ ಮಾಡಿದೆವು. ಮೂರು ಬೀಜ, ಚೂಪು ತುದಿ ಕೆಳಗೆ, ಬೆರಳಿನ ಎರಡು ಗೆಣ್ಣಿನಷ್ಟು ಆಳ.

"ಮೂರೂ ಹುಟ್ಟಿದ್ರೆ ಗಟ್ಟಿ ಸಸಿ ಒಂದನ್ನ ಬಿಟ್ಟು ಉಳಿದದ್ದು ಕಿತ್ತುಬಿಡಿ."

"ಕೀಳೋ ಕೆಲಸ ನಿಮಗೇ ಇರಲಿ. ಸೈನ್ಯದಲ್ಲಿದ್ದವರು."

"ಅಚ್ಛಾ! ಬೈಯೋ ಕೆಲಸ ನಿಮಗೆ, ಕೊಲ್ಲೋ ಕೆಲಸ ನನಗೆ."

ನಕ್ಕುಬಿಟ್ಟೆ. ಅವರು ನನ್ನ ನಗುವನ್ನು ನೋಡಿದರು. ನೋಡಿದ್ದು ನನಗೆ ಗೊತ್ತಾಯಿತು ಎಂದು ಗೊತ್ತಾಗಿ, ಟೋಪಿ ಸರಿಮಾಡಿಕೊಂಡರು. ಆ ಬಿಸಿಲಿಗೂ ಟೋಪಿ!

ಬಳ್ಳಿ ಹಬ್ಬಿತು. ಬೆಳಿಗ್ಗೆ ಆಫೀಸಿಗೆ ಹೋಗುವ ಮುನ್ನ ನಾನು ನೀರು ಹಾಕುತ್ತಿದ್ದೆ. ಮೇಲಿನಿಂದ "ಬುಡಕ್ಕೆ ಹಾಕಿ, ಎಲೆಗೆ ಬೇಡ" ಎಂಬ ಅಪ್ಪಣೆ ಬರುತ್ತಿತ್ತು. "ಗೊತ್ತು" ಎಂದು ಗದರಿಸಿ, ಬೇಕೆಂದೇ ಎಲೆಗೆ ಒಂದು ಚೊಂಬು ಎರಚುತ್ತಿದ್ದೆ. ಅವರು ಕೆಳಗೆ ಬರಲಿ ಎಂದು. ಬರುತ್ತಿದ್ದರು.

ಏಪ್ರಿಲ್‌ನಲ್ಲಿ ಹಳದಿ ಹೂವು ಬಂದವು. ಎಲ್ಲವೂ ಉದುರಿದವು.

"ಎಂಥಾ ಬೀಜ ಕೊಟ್ಟಿದ್ದೀರಿ ನೀವು? ಒಂದೂ ಕಾಯಿ ಕಟ್ಟಿಲ್ಲ."

"ಇವೆಲ್ಲ ಗಂಡು ಹೂವು. ಮೊದಲು ಬಂದು ಕಾಯ್ತವೆ. ಹೆಣ್ಣು ತಡವಾಗಿ ಬರುತ್ತೆ."

"ಕಾದು ಕಾದು ಉದುರಿಹೋದ್ರೆ?"

"ಉದುರ್ತವೆ. ಮತ್ತೆ ಬೇರೆ ಬರ್ತವೆ." ಆಮೇಲೆ, ನನ್ನನ್ನು ನೋಡದೆ, "ಮನುಷ್ಯರಿಗೆ ಆ ಅನುಕೂಲ ಇಲ್ಲ," ಎಂದರು.

ಹೆಣ್ಣು ಹೂವು ಅರಳಿದ ದಿನ ಅವರು ಬೆಳಕು ಹರಿಯುತ್ತಲೇ ಬಂದು ಬಾಗಿಲು ತಟ್ಟಿದರು. ಹೂವಿನ ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಮಿಡಿ. ಇಲ್ಲಿ ಜೇನುಹುಳು ಕಡಿಮೆ, ನಾವೇ ಮಾಡಬೇಕು ಎಂದರು. ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಒಳಗಿನ ಹಳದಿ ಹುಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರುವುದು. "ಬೇಗ. ಬಿಸಿಲೇರಿದ್ರೆ ಮುಚ್ಕೊಳ್ಳುತ್ತೆ. ಇವತ್ತು ಬಿಟ್ರೆ ಇಲ್ಲ." ಹೂವನ್ನು ನನ್ನ ಕೈಗೆ ಕೊಟ್ಟರು. ಹುಡಿ ಉದುರುವ ಹಾಗೆ ನಾನು ಅದನ್ನು ವಾರೆ ಹಿಡಿದೆ. ಅವರು ಮಣಿಕಟ್ಟು ಹಿಡಿದುಕೊಂಡರು.

ಕೈ ಬಿಡದೆಯೇ ಹೇಳಿದರು: "ಜೀವಿತಾಗೆ ಗುವಾಹಟಿಗೆ ಟ್ರಾನ್ಸ್‌ಫರ್ ಆಗಿದೆ. ಮೇ ಕೊನೆಗೆ ಹೊರಡಬೇಕು."

"ನೀವು?"

"ಅಳಿಯ ಲಡಾಖಿನಲ್ಲಿ. ಮಗುವನ್ನ ಯಾರು ನೋಡ್ತಾರೆ?"

ನಾನು ಕೈ ಬಿಡಿಸಿಕೊಂಡೆ.

"ನೀವೂ ಬನ್ನಿ, ಶಾರದಮ್ಮ."

"ಇರೋ ನೌಕರಿ ಬಿಟ್ಟು, ನಿಮ್ಮ ಮಗಳ ಮನೆಯಲ್ಲಿ ಕೂತು ಉಣ್ಣೋಕೆ ನನ್ನಿಂದ ಆಗಲ್ಲ. ನೀವೇ ಇಲ್ಲಿ ಇರಿ."

"ನನ್ನಿಂದಲೂ ಆಗಲ್ಲ."

ಅವರು ಹೇಳಿದ್ದು ಸರಿ. ನಾನು ಹೇಳಿದ್ದೂ ಸರಿ. ಬೈಯಲು ಯಾರೂ ಸಿಗಲಿಲ್ಲ ಎಂಬುದೇ ನನಗೆ ದೊಡ್ಡ ಸಂಕಟವಾಯಿತು. ಮೂರು ವಾರ ನಾನು ಅವರ ಜೊತೆ ಮಾತಾಡಲಿಲ್ಲ. ಕಾಯಿ ಮಾತ್ರ ಚೆಂಡಿನಷ್ಟಾಯಿತು. ಮಣ್ಣು ತಾಗಿ ಕೊಳೆಯದಿರಲೆಂದು ಅದರ ಕೆಳಗೆ ಯಾರೋ ಹುಲ್ಲು ಹಾಸಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬಂದು ಅಂಗಳದಲ್ಲಿ ನಿಂತರು.

"ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಇಳಿಯದ ಹಾಗಾದ ಮೇಲೆ ಕೊಯ್ಯಿರಿ. ಇನ್ನೂ ಒಂದು ತಿಂಗಳು ಬೇಕು."

"ಕೊಯ್ದು ಏನು ಮಾಡಲಿ? ಇಡೀ ಕುಂಬಳಕ್ಕೆ ಹೆಂಗಸು ಮೊದಲ ಪೆಟ್ಟು ಹಾಕಬಾರದು. ಮನೆಯ ಗಂಡಸು ಹಾಕಬೇಕು. ನಮ್ಮವರು ಹೋದಾಗಿನಿಂದ ತರಕಾರಿ ಭಯ್ಯಾ ಕತ್ತರಿಸಿಟ್ಟ ಹೋಳನ್ನೇ ತರ್ತಿದ್ದೀನಿ."

"ಈ ಕಾಲದಲ್ಲಿ ಅದನ್ನೆಲ್ಲ ನಂಬ್ತೀರಾ?"

"ನಂಬ್ತೀನಿ."

"ಎದುರು ಮನೆ ಅನಂತರಾಮ ಇದ್ದಾರಲ್ಲ, ಅವರಿಗೆ ಹೇಳಿದ್ರೆ—"

"ಅವರು ಈ ಮನೆಯ ಗಂಡಸಲ್ಲ!"

ಬಾಯಿಂದ ಬಂದುಹೋಯಿತು. ಮಾಚಯ್ಯ ಬಗ್ಗಿ ಆ ಎಳೆಗಾಯಿಯನ್ನು ಕೊಯ್ದು, ಚಪ್ಪಲಿ ಬಿಟ್ಟು, ಮೊದಲ ಸಲ ನನ್ನ ಅಡಿಗೆಮನೆಯೊಳಗೆ ಬಂದರು. ಚಾಕು ಕೇಳಿದರು. ಒಂದೇ ಏಟಿಗೆ ಇಬ್ಭಾಗ. ತಿರುಳು ಇನ್ನೂ ಬಿಳಿಚಾಗಿತ್ತು. ಬೀಜಗಳು ಹಾಲುಹಲ್ಲಿನ ಹಾಗೆ ಸಣ್ಣಗೆ, ಮುಟ್ಟಿದರೆ ಮೆತ್ತಗಿದ್ದವು.

"ಬಿತ್ತೋಕೆ ಬರಲ್ಲ ಇವು," ಎಂದೆ.

"ಗೊತ್ತು," ಎಂದು ಚಾಕುವನ್ನು ನನ್ನ ಕೈಗೆ ಕೊಟ್ಟರು.

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಜೀವಿತಾ, "ಪಪ್ಪಾ, ಚಲೋ, ಲೇಟ್ ಆಗ್ತಿದೆ," ಎನ್ನುತ್ತ ಬಾಗಿಲಿಗೆ ಬಂದಳು. ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಹೋಳಾದ ಕಾಯಿಯನ್ನು ನೋಡಿದಳು.

"ಆಂಟಿ, ಟ್ಯಾಕ್ಸಿಯವನನ್ನ ಸ್ವಲ್ಪ ನಿಲ್ಲಿಸ್ತೀನಿ. ಪಪ್ಪಾ ಊಟ ಮಾಡ್ಕೊಂಡೇ ಬರಲಿ."

ಹಸಿಮೆಣಸು, ತೆಂಗಿನಕಾಯಿ ಹಾಕಿ ಪಲ್ಯ ಮಾಡಿದೆ. ಎಳೆಯದು, ಬೇಗ ಬೆಂದಿತು. ಅವರು ನೆಲದ ಮೇಲೆ ಕೂತು ಉಂಡರು.

"ಉಪ್ಪು ಕಡಿಮೆ."

"ಬಿಪಿ ಇರೋರಿಗೆ ಅಷ್ಟೇ."

ತುತ್ತು ನಿಲ್ಲಿಸಿ ಕೇಳಿದರು: "ನೀವು ರಿಟೈರ್ ಆಗೋಕೆ ಇನ್ನೂ ಎಂಟು ವರ್ಷ ಅಲ್ವಾ? ಅಷ್ಟರಲ್ಲಿ ನಾನು…"

"ಬದುಕಿರಬೇಕು! ಅಷ್ಟೇ. ಬೇರೆ ಏನೂ ಕೇಳಲ್ಲ ನಾನು."

ಗದರಿಸಿಯೇ ಹೇಳಿದೆ. ಬೇರೆ ಥರ ಹೇಳಲು ನನಗೆ ಬರುವುದಿಲ್ಲ. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿ, ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು. ನಾನು ಬಡಿಸಿದೆ. ಹಾರ್ನ್ ಮತ್ತೆ ಕೂಗಿತು. ಇಬ್ಬರೂ ಕೇಳಿಸದವರ ಹಾಗೆ ಕೂತಿದ್ದೆವು.